ಮೂರು ಗಂಟೆಯ ರಕ್ತ

ತುಟಿಯ ಮೇಲೆ ಒದ್ದೆ ಹತ್ತಿಯ ತಂಪು, ಒಂದೇ ಹನಿ, ಡಯಾಲಿಸಿಸ್‌ನವನಿಗೆ ನೀರೂ ರೇಷನ್ನು, ಹತ್ತಿ ಹಿಡಿದ ಬೆರಳು ಹೆಂಡತಿ ಸುಭದ್ರೆಯದು, ಮಂಜಪ್ಪ ಕಣ್ಣು ತೆರೆಯಲಿಲ್ಲ, ತೆರೆದರೆ ನೋವು ಹೋಯ್ತೇನ್ರೀ ಅಂತ ಕೇಳುತ್ತಾಳೆ, ಹೋಗಿಲ್ಲ, ಎದೆಯ ನಡುವೆ ಯಾರೋ ಮೊಣಕಾಲೂರಿ ಕೂತಿದ್ದಾರೆ, ಬೆಳಿಗ್ಗೆ ಎಂಟರಿಂದ, ಯಂತ್ರಕ್ಕೆ ಹಾಕಿ ಎರಡು ಗಂಟೆಯೂ ಆಗಿರಲಿಲ್ಲ — ವಾರಕ್ಕೆರಡು ಸಲ ಭದ್ರಾವತಿಯ ನ್ಯೂ ಟೌನಿನಿಂದ ಶಿವಮೊಗ್ಗದ ಈ ಆಸ್ಪತ್ರೆಗೆ, ನಾಲ್ಕು ವರ್ಷವಾಯಿತು, ಅಣ್ಣತಮ್ಮಂದಿರು ದೂರವಾದರೂ ಯಂತ್ರದ ಜೊತೆ ರಕ್ತಸಂಬಂಧ ಬಿಟ್ಟಿಲ್ಲ, ಈ ಮಾತಿಗೆ ಪಕ್ಕದ ಮಂಚದವರು ನಗುತ್ತಿದ್ದರು, ಇವತ್ತು ಹೇಳುವುದಕ್ಕೂ ಬೇಸರ. ಡಾಕ್ಟರು ರೇಣುಕಾಪ್ರಸಾದ್ ಯಂತ್ರ ನಿಲ್ಲಿಸಿ, ಇಸಿಜಿ ತೆಗೆಸಿ, ಮೂಗಿನಲ್ಲೇ ಮಾತಾಡಿದ್ದರು, ಆ ಮೂಗನ್ನು ಮಂಜಪ್ಪ ಮನೆಯಲ್ಲಿ ಎಷ್ಟು ಸಲ ಆಡಿ ತೋರಿಸಿಲ್ಲ, ನೋಡಿ ಮಂಜಪ್ಪ, ಇಸಿಜಿಯಲ್ಲಿ ಏನೂ ಸರಿಯಾಗಿ ಗೊತ್ತಾಗ್ತಿಲ್ಲ, ಟ್ರೋಪೋನಿನ್ ಅಂತ ರಕ್ತದ ಟೆಸ್ಟ್ ಇದೆ, ಹಾರ್ಟಿಗೆ ಏಟು ಬಿದ್ರೆ ಅದು ಏರುತ್ತೆ, ಆದ್ರೆ ಕಿಡ್ನಿ ಹೋದೋರಿಗೆ ಅದು ಯಾವಾಗ್ಲೂ ಜಾಸ್ತೀನೇ, ಒಂದ್ಸಲದ್ದು ನೋಡಿ ಏನೂ ಹೇಳೋಕಾಗಲ್ಲ, ಒಂಬತ್ತಕ್ಕೊಂದು, ಮೂರಕ್ಕೊಂದು, ಏರಿದ್ರೆ ಹಾರ್ಟು, ಅಷ್ಟೇ ಇದ್ರೆ ಮನೆಗೆ ಹೋಗಿ, ಓಕೆನಾ. ಓಕೆ ಅಂದಿದ್ದ. ಆಮೇಲೆ ಲ್ಯಾಬಿನ ಜಂಬಣ್ಣ ಬಂದ, ರಾತ್ರಿ ಪಾಳಿ ಮುಗಿಸಿ ಹಗಲಿನದ್ದಕ್ಕೂ ನಿಂತವನು, ಕೆಂಪು ಕಣ್ಣು, ಎಡಗೈ ಯಂತ್ರದ ಪಾಲಿನದು, ಮುಟ್ಟುವಂತಿಲ್ಲ, ಬಲಗೈಯ ನರಗಳೋ ನಾಲ್ಕು ವರ್ಷದ ಚುಚ್ಚಾಟಕ್ಕೆ ಹೆದರಿ ಒಳಗೆ ಸೇರಿಕೊಂಡಿವೆ, ಒಂದು ಸಲ ಚುಚ್ಚಿದ, ಇಲ್ಲ, ಎರಡು ಸಲ, ಇಲ್ಲ, ಸೂಜಿ ಚರ್ಮದಡಿ ಅತ್ತಿತ್ತ ಹುಡುಕುತ್ತಿತ್ತು, ಟ್ಯೂಬು ಖಾಲಿ, ಮೂರನೆಯದಕ್ಕೆ ಕೆಂಪು ಬಂತು, ಆಗ ಬಾಯಿ ಬಿಟ್ಟದ್ದು ಜಂಬಣ್ಣನಲ್ಲ, ತಾನೇ — ಮೂರು ಗಂಟೆದೂ ಈಗಲೇ ತಗೊಂಬಿಡು ಮಾರಾಯ, ಮತ್ತೆ ಬಂದು ಈ ಕೈ ತೋಡಬೇಡ. ಜಂಬಣ್ಣ ಬಾಗಿಲ ಕಡೆ ನೋಡಿದ, ತಪ್ಪಾಗುತ್ತೆ ಮಂಜಪ್ಪಣ್ಣ ಅಂದ, ಅನ್ನುತ್ತಲೇ ಇನ್ನೊಂದು ಟ್ಯೂಬು ತುಂಬಿಸಿದ, ಅದರ ಮೇಲೆ ಪೆನ್ನಿನಲ್ಲಿ ಮೂರು ಗಂಟೆ ಅಂತ ಬರೆದ, ಗೋಡೆಯ ಗಡಿಯಾರದಲ್ಲಿ ಆಗಿನ್ನೂ ಒಂಬತ್ತೂ ಹತ್ತು.

ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಹಳೆಯ ಚಾಳಿ, ಈಗ ಮುಚ್ಚಿಹೋದ ಒಂದು ಸಣ್ಣ ಎರಕದ ಫೌಂಡ್ರಿಯಲ್ಲಿ ಹದಿನಾರು ವರ್ಷ ಕುಲುಮೆಯ ಬಾಯಲ್ಲಿ ನಿಂತು, ಉದ್ದ ಹಿಡಿಯ ಸೌಟಿನಲ್ಲಿ ಕರಗಿದ ಕಬ್ಬಿಣ ಮೊಗೆದು ಲ್ಯಾಬಿಗೆ ಸ್ಯಾಂಪಲ್ ಹೊಯ್ಯುವುದು, ಅರ್ಧ ಗಂಟೆ ಬಿಟ್ಟು ಇನ್ನೊಂದು, ಮೊದಲನೇದು ಎಲ್ಲಿದೀವಿ ಅಂತ ಹೇಳುತ್ತೆ, ಎರಡನೇದು ಎಲ್ಲಿಗೆ ಹೋಗ್ತಿದೀವಿ ಅಂತ, ಸೂಪರ್‌ವೈಸರ್ ಷಡಕ್ಷರಪ್ಪ ಗಂಟಲು ಕೆರೆದು ಹೇಳುತ್ತಿದ್ದದ್ದು, ಆ ಗಂಟಲನ್ನೂ ಮಂಜಪ್ಪ ಬಿಟ್ಟವನಲ್ಲ, ಮೇ ತಿಂಗಳ ಒಂದು ಮಧ್ಯಾಹ್ನ ಇನ್ನೊಂದು ಸಲ ಮುಖ ಸುಟ್ಟುಕೊಳ್ಳುವುದು ಯಾರಿಗೆ ಬೇಕು ಅಂತ ಒಂದೇ ಸೌಟಿನಿಂದ ಎರಡು ಅಚ್ಚಿಗೂ ಹೊಯ್ದ, ಲ್ಯಾಬು ಎರಡೂ ಒಂದೇ ಅಂದಿತು, ಸರಿಯಿದೆ ಅಂತ ಎರಕ ಹೊಯ್ದರು, ತಿಂಗಳಾದ ಮೇಲೆ ಆ ಎರಕದ ಪಂಪಿನ ಚಕ್ರ ಸೀಳಿಹೋಗಿ ವಾಪಸ್ಸು ಬಂತು, ಬಿರುಕಿನೊಳಗೆ ಕಿರುಬೆರಳು ಹೋಗುತ್ತಿತ್ತು, ಅಚ್ಚಿನ ಮರಳಿನದ್ದೇ ತಪ್ಪು ಅಂತ ಮರಳು ಜರಡಿ ಹಿಡಿಯುವ ಕರಿಯಮ್ಮನನ್ನು ಕೆಲಸ ಬಿಡಿಸಿದರು, ಆ ಸಂಜೆ ಕ್ಯಾಂಟೀನಿನಲ್ಲಿ ತಾನು ಷಡಕ್ಷರಪ್ಪನ ಹಾಗೆ ಗಂಟಲು ಕೆರೆದು ಎಲ್ಲರನ್ನೂ ನಗಿಸಿದ, ಕರಿಯಮ್ಮನೂ ನಕ್ಕಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು — ರೀ, ಡಾಕ್ಟರು ಬಂದ್ರು. ಕೈಯಲ್ಲಿ ಎರಡು ಚೀಟಿ, ಎರಡೂ ಒಂದೇ ಮಂಜಪ್ಪ, ಏನೇನೂ ಏರಿಲ್ಲ, ಇದು ಕಿಡ್ನಿಯದ್ದು, ಹಾರ್ಟಿನದ್ದಲ್ಲ, ಹೊರಡಿ. ಸುಭದ್ರೆ ಆಗಲೇ ಟವೆಲು ಮಡಚುತ್ತಿದ್ದಾಳೆ, ನಾಲ್ಕೂಕಾಲಿನ ಬಸ್ಸು ಸಿಗುತ್ತೆ ಅನ್ನುತ್ತಿದ್ದಾಳೆ, ಎಷ್ಟೋ ವಾರದಿಂದ ಕಾಣದಿದ್ದ ನಗು, ಅದನ್ನೂ ಕೆಡಿಸಬೇಕೆ, ಎದೆಯ ಮೇಲಿನ ಮೊಣಕಾಲು ಇನ್ನೂ ಒತ್ತುತ್ತಿದೆ, ದವಡೆಗೂ ಹತ್ತಿದೆ, ಹೀಗೇ ಹೊರಟರೆ, ಬಸ್ಸು ದಾರಿಯಲ್ಲಿ ಮಲವಗೊಪ್ಪ ದಾಟುವಾಗ, ಅವಳ ಭುಜದ ಮೇಲೆ ತಲೆಯಿಟ್ಟುಕೊಂಡೇ, ಅವಳು ನಿದ್ದೆ ಬಂದಿದೆ ಅಂದುಕೊಂಡು — ಬಾಗಿಲಲ್ಲಿ ಜಂಬಣ್ಣ, ನೆಲ ನೋಡುತ್ತಾ, ಹೇಳಿದರೆ ಇವನ ಕೆಲಸ ಹೋಗುತ್ತೆ, ಹೇಳದಿದ್ದರೆ, ಅಯ್ಯೋ ಎಷ್ಟು ಸುಸ್ತು, ಸುಮ್ಮನೆ ಎದ್ದು ಹೊರಟುಬಿಟ್ಟರೆ ಮುಗೀತು, ನಾಲ್ಕು ವರ್ಷದ್ದೆಲ್ಲ ಮುಗೀತು. ಸಾರ್, ಆ ಎರಡನೇದು ನಂಬಬೇಡಿ. ಎರಡೂ ಒಂಬತ್ತು ಗಂಟೆದೇ ಸಾರ್, ನಾನೇ ಹೇಳಿ ತೆಗೆಸಿದ್ದು, ಅವನು ಬೇಡ ಅಂದ, ನಾನು ಕೇಳಲಿಲ್ಲ, ನೋವು ಹೋಗಿಲ್ಲ, ದವಡೆಗೆ ಬಂದಿದೆ. ಡಾಕ್ಟರು ಎರಡು ಚೀಟಿಯನ್ನೂ ಮತ್ತೆ ನೋಡಿದರು. ಜಂಬಣ್ಣನ ಕಡೆ ತಿರುಗಿದರು, ನಿನ್ನ ಹತ್ರ ಆಮೇಲೆ ಮಾತಾಡ್ತೀನಿ, ಈಗ ರಕ್ತ ತೆಗಿ ಅಂದರು, ಇನ್ನೊಂದು ಇಸಿಜಿ ತನ್ನಿ ಅಂತ ಕೂಗುತ್ತಾ ಹೋದರು. ಜಂಬಣ್ಣ ರಬ್ಬರು ಬಿಗಿಯುತ್ತಾನೆ, ತಟ್ಟುತ್ತಾನೆ, ಬೈಯುವುದಾದರೆ ತನ್ನನ್ನು ಬೈಯಲಿ, ಸೂಜಿ ಒಳಗೆ, ಅತ್ತ, ಇತ್ತ, ಹುಡುಕು ಮಾರಾಯ, ನಿಧಾನ ಹುಡುಕು, ಸುಭದ್ರೆ ಅರ್ಧ ಮಡಚಿದ ಟವೆಲು ಹಿಡಿದು ನಿಂತಿದ್ದಾಳೆ, ಟ್ಯೂಬು ಖಾಲಿ, ಇನ್ನೂ ಖಾಲಿ, ಅದರ ಗಾಜಿನ ಆಚೆ ಜಂಬಣ್ಣನ ಹೆಬ್ಬೆರಳಿನ ಗೆರೆ ಗೆರೆಯೂ ಕಾಣುತ್ತಿದೆ, ಅಷ್ಟು ಖಾಲಿ