ಎರಡನೆಯ ವ್ಯಾನು

ಗುರುಚರಣ್ ಎರಡೂ ಕೈ ಅಡ್ಡ ಚಾಚಿ, ಓಣಿಗೆ ನುಗ್ಗುತ್ತಿದ್ದ ಎರಡನೆಯ ಶವವಾಹನವನ್ನು ತಡೆದ. ಮೊದಲನೆಯದು ಆಗಲೇ ಭಾವನ ಮನೆಯೆದುರು ಹಿಂಬಾಗಿಲು ತೆರೆದುಕೊಂಡು ನಿಂತಿತ್ತು.

"ಒಂದೇ ಬಾಡಿ ತಾನೆ ಸಾರ್?" ಡ್ರೈವರ್ ಮುರುಗೇಶ್ ತಲೆ ಹೊರಹಾಕಿದ.

"ಒಂದೇ ಕಣಪ್ಪಾ. ಆ ಗಾಡಿ ಕೈಕೊಟ್ರೆ ಅಂತ ನಿಂಗೂ ಹೇಳಿದ್ದೆ."

ಪಕ್ಕದ ಮನೆಯ ಗುರುಪಾದಪ್ಪ ನಿಟ್ಟುಸಿರು ಬಿಟ್ಟರು. "ಥೇಟ್ ನಿಮ್ ಭಾವನೇ ಕಣಯ್ಯ ನೀನು."

*

ಭಾವ ಸೇತುರಾಮ ಆರ್.ಟಿ. ನಗರದ ಮದುವೆ ಛತ್ರದ ಮ್ಯಾನೇಜರ್. ಗುರುಚರಣ್ ಅವರ ಕೈಕೆಳಗೆ ಪಳಗಿದವನು. ಸೇತುರಾಮ ನಿಂತು ನಡೆಸಿದ ಮದುವೆ ಕೆಟ್ಟ ಚರಿತ್ರೆ ಭೂಮಂಡಲದಲ್ಲೇ ಇಲ್ಲ. ಆದರೂ ಎಲ್ಲಿ ಕೆಡುತ್ತದೋ ಎಂದು ಅವರು ಸುರಿಸಿದ ಬೆವರಿನಲ್ಲಿ ಯಲಹಂಕ ಕೆರೆ ಎರಡು ಸಲ ಕೋಡಿ ಬೀಳುತ್ತಿತ್ತು. ಗುರುಚರಣನ ಮದುವೆಗೂ ಎರಡು ವಾಲಗದ ಮೇಳ ಕರೆಸಿದ್ದರು. ಎರಡೂ ಬಂದವು. ಹಟಕ್ಕೆ ಬಿದ್ದು ಊದಿದ ಅಬ್ಬರಕ್ಕೆ ಹೆಬ್ಬಾಳದ ಹಕ್ಕಿಗಳೆಲ್ಲ ಆಂಧ್ರ ಸೇರಿದವು. ತಾಳಿ ಕಟ್ಟಿ ಎದ್ದು ಹುಡುಕಿದರೆ, ಭಾವ ಛತ್ರದ ಅಡುಗೆಮನೆಯಲ್ಲಿ ನಿಂತೇ ಮೊಸರನ್ನ ನುಂಗುತ್ತಿದ್ದರು.

"ಕೂತ್ಕೊಳ್ಳಿ ಭಾವ."

"ಕೂತ್ರೆ ಏನಾದ್ರೂ ತಪ್ಪೋಗುತ್ತೆ, ಗುರು."

ನಿನ್ನೆ ಅದೇ ಅಡುಗೆಮನೆಯಲ್ಲಿ, ನಿಂತಲ್ಲೇ ಕುಸಿದಿದ್ದರು.

*

ಹೆಣವನ್ನು ಮೊದಲ ವ್ಯಾನಿಗೆ ಏರಿಸಿದ್ದಾಯಿತು. ಗುರುಚರಣ್ ಪುರೋಹಿತರಿಗೆ ಏಳನೆಯ ಸಲ ಫೋನು ಹಚ್ಚುತ್ತಿದ್ದ. ಅಕ್ಕ ಕೌಸಲ್ಯಾ ಫೋನು ಕಿತ್ತುಕೊಂಡಳು.

"ನಿನ್ನೆಯಿಂದ ಕಣ್ಣು ಮುಚ್ಚಿದ್ಯೇನೋ?"

"ಏನಾದ್ರೂ ಎಡವಟ್ಟಾದ್ರೆ ಅಕ್ಕಾ?"

"ಆಗ್ಲಿ ಬಿಡೋ. ನಿಮ್ ಭಾವ ಸೋತಿದ್ದು ನಾನು ನೋಡ್ಲಿಲ್ಲ. ನೆಮ್ಮದಿಯಾಗಿ ಮಲಗಿದ್ದೂ ನೋಡ್ಲಿಲ್ಲ." ಅತ್ತು ಅತ್ತು ಅವಳ ದನಿ ಬತ್ತಿಹೋಗಿತ್ತು. "ನಿನ್ನನ್ನೂ ಹಿಂಗೆ ಕಳಿಸೋಕೆ ನನ್ ಕೈಲಾಗಲ್ಲ ಕಣೋ. ಹತ್ತು ಆ ಖಾಲಿ ಗಾಡಿ. ಮಗ ವಸಿಷ್ಠ ಇದಾನೆ, ನೋಡ್ಕೋತಾನೆ."

*

ಚಿತಾಗಾರದ ಇಬ್ಬರು ಆಳುಗಳು ಎರಡನೆಯ ವ್ಯಾನಿನ ಹಿಂಬಾಗಿಲು ತೆರೆದರು. ಉದ್ದನೆಯ ಸ್ಟೀಲ್ ಬೆಂಚಿನ ಮೇಲೆ ಗುರುಚರಣ್ ಅಂಗಾತ ಬಿದ್ದಿದ್ದ.

"ಇವ್ರುನ್ನೂ ಇಳಿಸೋದಾ?" ಒಬ್ಬ ಕಾಲು ಹಿಡಿದೇಬಿಟ್ಟ.

ಗೊರಕೆಗೆ ವ್ಯಾನಿನ ತಗಡೆಲ್ಲ ಗಡಗಡ ಅಂದಿತು. "ಬಿಡಪ್ಪಾ, ಉಸಿರಾಡ್ತವ್ರೆ!" ಮುರುಗೇಶ್ ಓಡಿಬಂದ.

ಅಷ್ಟರಲ್ಲಿ ವಸಿಷ್ಠ ಒದ್ದೆ ಪಂಚೆಯಲ್ಲೇ ಬಂದ. "ಮಾಮಾ, ತುಪ್ಪ ತರೋದೇ ಮರ್ತಿದೀವಿ..."

ತೆರೆದ ಬಾಗಿಲಿನಿಂದ ಬಿಸಿಲು ನೇರ ಮಾವನ ಮುಖಕ್ಕೆ ಹೊಡೆಯುತ್ತಿತ್ತು. ವಸಿಷ್ಠ ಒಂದು ಹೆಜ್ಜೆ ಸರಿದು, ಅದಕ್ಕೆ ಅಡ್ಡವಾಗಿ ನಿಂತ.