ಕೆರೆಯಲ್ಲಿ ತೊಳೆದ ಕಾರು

ಎಪ್ಪತ್ತೆರಡು, ಎಪ್ಪತ್ಮೂರರ ಮಾತು. ದೇವನಹಳ್ಳಿ ಹತ್ತಿರದ ನಮ್ಮೂರಿಗೆಲ್ಲ ಇದ್ದದ್ದು ಒಂದೇ ಕಾರು, ನಮ್ಮಪ್ಪ ಆಂಜಿನಪ್ಪನದು. ಕರಿ ಬಣ್ಣ, ಹರಿದ ರೆಕ್ಸಿನ್ ಸೀಟು, ಹಿಂದಿನ ಬಾಗಿಲಿಗೆ ಚಿಲಕದ ಬದಲು ಹುರಿ. ಮದುವೆ ಹೆಣ್ಣಾಗಲಿ, ಆಸ್ಪತ್ರೆಗೆ ಹೊರಟವರಾಗಲಿ, ಅದರಲ್ಲೇ ಕೂರಬೇಕು. ಆ ಸೀಟಿನ ವಾಸನೆ ನೆನಪಾದರೆ ನನಗೆ ಈಗಲೂ ಖುಷಿಯಾಗುತ್ತದೆ.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ಅಪ್ಪ ಎತ್ತುಗಳ ಮೈ ತೊಳೆದ ಮೇಲೆ ಕಾರನ್ನೂ ಕೆರೆಗೆ ತಂದ. ಹಿಂದುಹಿಂದಕ್ಕೆ ಇಳಿಸಿ, ಹಿಂದಿನ ಚಕ್ರ ಹೂಳಿನಲ್ಲಿ ಹೂತುಕೊಳ್ಳುವಷ್ಟು ನೀರಿಗೆ ಬಿಟ್ಟ. ಎತ್ತಿಗಾದ ಉಪಚಾರ ಕಾರಿಗೂ ಆಗಬೇಕು ಎಂಬುದು ಅವನ ಆಸೆ.

ಹಬ್ಬ ಕಳೆದ ಮೇಲೆ ಕಾರು ಕೈಕೊಟ್ಟಿತು. ಸ್ಟಾರ್ಟ್ ಆಗುತ್ತಿತ್ತು, ಆದರೆ ಏರು ಬಂದರೆ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಅಪ್ಪ ಪ್ಲಗ್ಗು ಬದಲಾಯಿಸಿದ, ಕಾರ್ಬುರೇಟರ್ ತೊಳೆದ, ಮುಂದೆ ನಿಂಬೆಹಣ್ಣು ಕಟ್ಟಿದ.

ಒಂದು ದಿನ ಅಜ್ಜಿ ಸಪ್ಪಲಮ್ಮನಿಗೆ ಕಣ್ಣು ತೋರಿಸಲು ಅದೇ ಕಾರಿನಲ್ಲಿ ಬೆಂಗಳೂರಿಗೆ ಹೋದೆವು. ಬರುವಾಗ ಚಳಿಯೆಂದು ಹಿಂದಿನ ಗಾಜು ಏರಿಸಿ ಅಜ್ಜಿ ಸೀಟಿನಲ್ಲಿ ಮಲಗಿದ್ದಳು. ಅಪ್ಪನ ಪಕ್ಕ, ತೆರೆದ ಕಿಟಕಿಯ ಹತ್ತಿರ, ನಾನಿದ್ದೆ. ಊರು ಬಂತೆಂದು ಎಬ್ಬಿಸಿದರೆ ಅಜ್ಜಿ ಓಗೊಡಲಿಲ್ಲ. ಎತ್ತಿ ಹೊರಗೆ ಮರದಡಿ ಮಲಗಿಸಿದೆವು. ಎಷ್ಟೋ ಹೊತ್ತಿಗೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು.

"ಕಾರಿಗೆ ದೃಷ್ಟಿ ಆಗೈತೆ" ಅಂದ ಅಪ್ಪ.

"ಇನ್ಮೇಲೆ ಆ ಕಾರು ನಾನ್ ಹತ್ತಲ್ಲ. ಕಣ್ಣು ಹೋದ್ರೆ ಹೋಗ್ಲಿ" ಅಂದಳು ಅಜ್ಜಿ. ಆದರೆ ಸೋಮವಾರವೇ ಕಣ್ಣಿನ ಆಪರೇಷನ್ನು.

ಭಾನುವಾರ ನನ್ನ ಸೋದರಮಾವ ಮುನಿರಾಮಯ್ಯ ಬಂದ. ಪಂಪ್‌ಸೆಟ್ ರಿಪೇರಿ ಮಾಡುವವನು. ಕಥೆಯೆಲ್ಲ ಕೇಳಿ, "ಭಾವ, ಸ್ಟಾರ್ಟ್ ಮಾಡಿ ನೋಡಣ" ಎಂದು ಕಾರಿನ ಹಿಂದೆ ಹೋದ. ಸೈಲೆನ್ಸರ್ ಪೈಪಿಗೆ ಮುಟ್ಟಿಸದೆ, ಗೇಣು ದೂರದಲ್ಲಿ ಅಂಗೈ ಹಿಡಿದ.

"ನೋಡಿ, ಹೊಗೆ ಕೈಗೆ ತಗಲ್ತಾನೇ ಇಲ್ಲ. ಸೀಟಿನ ಕೆಳಗೆ ಬುಸ್ ಅಂತೈತೆ, ಕೇಳುಸ್ತಾ?"

"ಹೊಗೆ ಹೋಗೋ ಪೈಪು ಕಣ್ಲಾ ಅದು. ಅದಕ್ಕೂ ಎಂಜಿನ್‌ಗೂ ಏನ್ ಸಂಬಂಧ?"

"ಹೊಗೆಗೂಡು ಮುಚ್ಚಿ ಒಲೆ ಹಚ್ಚೋಕೆ ಅಕ್ಕಂಗೆ ಹೇಳಿ. ಒಲೆನೂ ಉರಿಯಲ್ಲ, ಅಕ್ಕನೂ ಒಳಗೆ ನಿಲ್ಲಲ್ಲ."

ಎಂಜಿನ್ ತಣ್ಣಗಾದ ಮೇಲೆ ಮಾವ ಕಾರಿನಡಿ ನುಸುಳಿ ಸೈಲೆನ್ಸರನ್ನು ಬಿಚ್ಚಿ ತೆಗೆದ. "ಈಗ ಒಂದೇ ಒಂದ್ಸಲ ಏರಿ ಹತ್ಸಿ" ಅಂದ. ಗಾಜುಗಳನ್ನೆಲ್ಲ ಇಳಿಸಿ ಅಪ್ಪ ಹೊರಟ. ಕಾರು ಊರಿಗೆಲ್ಲ ಕೇಳುವಂತೆ ಗುಡುಗುತ್ತ ಕೆರೆ ಏರಿಯನ್ನು ಸಲೀಸಾಗಿ ಹತ್ತಿತು.

ಮಾವ ಬಿಚ್ಚಿದ ಸೈಲೆನ್ಸರಿಗೆ ಕಂಬಿ ಹಾಕಿ ಕೆದಕಿದ. ಒಣಗಿ ಇಟ್ಟಿಗೆಯಾಗಿದ್ದ ಹೂಳು ಉದುರಿತು, ಅದರೊಳಗೆ ನಮ್ಮ ಕೆರೆಯದೇ ಒಂದು ಬಸವನಹುಳದ ಚಿಪ್ಪು! ಹೊರದಾರಿ ಕಟ್ಟಿಹೋಗಿ ಹೊಗೆ ಸಡಿಲವಾದ ಜಾಯಿಂಟಿನಿಂದ ನುಗ್ಗಿತ್ತು, ಹಿಂದಿನ ಸೀಟಿನಡಿಯ ತುಕ್ಕುತೂತಿನಿಂದ ಒಳಗೆ ಬಂದಿತ್ತು.

"ಆ ಹೊಗೇಲಿರೋ ವಿಷ ಕಣ್ಣಿಗೆ ಕಾಣಲ್ಲ ಭಾವ. ನಿದ್ದೆ ಬಂದಂಗೇ ಬಂದು ಜೀವ ತಗೊಂಡು ಹೋಗುತ್ತೆ."

ಅಪ್ಪ ಚಿಪ್ಪು ಹಿಡಿದು ಅಲ್ಲೇ ಕೂತ. "ಅವ್ವಂಗೆ ನಾನೇ ವಿಷ ಹಾಕ್ತಿದ್ನಲ್ಲೋ" ಎಂದು ಅತ್ತುಬಿಟ್ಟ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಸಂಜೆಯೊಳಗೆ ಜಾಯಿಂಟ್ ಬಿಗಿಯಾಯಿತು, ತೂತಿಗೆ ತಗಡು ಬಿತ್ತು. ಅಪ್ಪನೇ ಪೈಪಿನ ಹಿಂದೆ ಕೈ ಹಿಡಿದು ನೋಡಿದ. ಬಿಸಿ ಗಾಳಿ ರಭಸವಾಗಿ ಬರುತ್ತಿತ್ತು. ಸೋಮವಾರ ಅಜ್ಜಿ ಗಾಜು ಇಳಿಸಿಕೊಂಡೇ ಆಸ್ಪತ್ರೆಗೆ ಹೋದಳು.

ಮುಂದಿನ ಆಯುಧಪೂಜೆಗೆ ಕಾರು ಮನೆ ಮುಂದೆಯೇ ತೊಳೆಸಿಕೊಂಡಿತು. ಆಪರೇಷನ್ ಆಗಿ ಕಣ್ಣು ಚೆನ್ನಾಗಿ ಕಾಣುತ್ತಿದ್ದ ಅಜ್ಜಿ ಹಿಂದಕ್ಕೆ ಹೋಗಿ ಬಗ್ಗಿ ಪೈಪಿಗೂ ಕುಂಕುಮವಿಟ್ಟಳು. "ಎಲ್ರೂ ಮುಂದಕ್ಕೇ ಪೂಜೆ ಮಾಡ್ತೀರ, ಇದನ್ನ ಯಾರೂ ನೋಡಲ್ಲ" ಎಂದು ಬೈದಳು.

ಬಂಧುಗಳೇ, ನಿಮ್ಮ ಗಾಡಿ ಏರಿನಲ್ಲಿ ಸೋತರೆ, ಒಳಗೆ ಕೂತವರಿಗೆ ತಲೆ ಸುತ್ತಿದರೆ, ದೃಷ್ಟಿ ತೆಗೆಯುತ್ತ ಕೂರಬೇಡಿ. ತಕ್ಷಣ ನಿಲ್ಲಿಸಿ, ಎಲ್ಲರನ್ನೂ ಬಯಲಿಗೆ ಇಳಿಸಿ. ಮೆಕ್ಯಾನಿಕ್ಕಿಗೆ ಹೇಳಿ ಸೈಲೆನ್ಸರ್ ನೋಡಿಸಿ. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಲೇಬೇಡಿ. ಗಾಡಿ ಓಡಿಸುವ ನಿಮಗೆ ಕಿಟಕಿಯ ಗಾಳಿ ಸಿಗುತ್ತದೆ. ನಿಮ್ಮನ್ನು ಹೆತ್ತವಳು ಹಿಂದಿನ ಸೀಟಿನಲ್ಲಿ ಮಲಗಿರುತ್ತಾಳೆ.