ನಲ್ಲಿಯ ಬಳಿ ನಿಂತವಳು

ನೀರಿನ ಟ್ಯಾಂಕಿನ ತಳದ ಬಿರಡೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಪೇಂಟರು, ಒಳಗೇ ಉಂಡು ಮಲಗಿ ಊರು ಸುತ್ತುವ ಕ್ಯಾಂಪರ್ ವ್ಯಾನಿನ ಕೆಳಗೆ ಅಂಗಾತ ಮಲಗಿ, ಸ್ಪ್ಯಾನರಿನ ಮೇಲೆ ಇನ್ನೊಮ್ಮೆ ಶಕ್ತಿಯೆಲ್ಲ ಹಾಕಿದರು. ಮಗಳು ಬೆಳಿಗ್ಗೆ ಇಸ್ತ್ರಿ ಮಾಡಿ ಕೊಟ್ಟಿದ್ದ ಬಿಳಿ ಅಂಗಿಯ ಬೆನ್ನು ಆಗಲೇ ನೆಲಕ್ಕೆ ಉಜ್ಜಿ ಕಪ್ಪಾಗಿತ್ತು.

"ಅಪ್ಪಾ, ಏನು ಮಾಡ್ತಿದ್ದೀರಿ ಅಲ್ಲಿ? ಜನ ಎಲ್ಲ ನಿಮ್ಮನ್ನೇ ಕೇಳ್ತಿದ್ದಾರೆ."

ಮಗಳ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಒಂದೊಂದೂ ಬೇರೆ ಬೇರೆ ಜೋಡಿಯದು.

"ನಿನ್ನೆ ಸಂಜೆ ಬ್ಲೀಚ್ ಹಾಕಿದ್ದು ಕಣಮ್ಮ. ಜಾಸ್ತಿ ಹೊತ್ತು ನಿಂತ್ರೆ ಪಂಪಿನ ರಬ್ಬರ್ ತಿಂದುಹಾಕುತ್ತೆ."

"ಅಮ್ಮ ಒಳಗೆ ಹಾಗೆ ಮಲಗಿರುವಾಗ ನಿಮಗೆ ಪಂಪಿನ ಚಿಂತೇನಾ?"

ಅವರು ಸ್ಪ್ಯಾನರನ್ನು ಮತ್ತೆ ಬಿರಡೆಗೆ ಸಿಕ್ಕಿಸಿದರು. ನಾಡಿದ್ದು ಪ್ರವಾಸ ಹೊರಡುವುದೆಂದು ನಿನ್ನೆ ಟ್ಯಾಂಕು ತೊಳೆಯಲು ಶುರುಮಾಡಿದ್ದರು. ಹೆಂಡತಿ ಸ್ವೆಟರು ಎತ್ತಿಡಬೇಕೋ ಬೇಡವೋ ಎಂದು ಕೇಳುತ್ತಲೇ ರಾತ್ರಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಸ್ವೆಟರು ಇನ್ನೂ ಕುರ್ಚಿಯ ಮೇಲೇ ಇತ್ತು. ಅದನ್ನು ಯಾರಾದರೂ ಎತ್ತಿಡುವ ಮೊದಲು ತಾವು ಮನೆಯಿಂದ ಹೊರಗಿರಬೇಕು ಎನಿಸಿ ಅವರು ಸ್ಪ್ಯಾನರು ಹಿಡಿದು ಬಂದಿದ್ದರು.

"ಶವದ ಗಾಡಿ ಬಂತಾ?" ಎಂದು ಜಗಲಿಯಲ್ಲಿ ಯಾರೋ ಕೇಳಿದರು.

"ಬಂತು," ಎಂದಿತು ಹೆಂಗಸಿನ ದನಿ.

ಪೇಂಟರು ಸ್ಪ್ಯಾನರು ಬಿಟ್ಟು ತಲೆಯೆತ್ತಿದರು. ಅದೇ ಮಾತನ್ನು ನಿನ್ನೆ ಸಂಜೆ ವ್ಯಾನಿನ ಕಿಟಕಿಯಿಂದ ಹೆಂಡತಿ ಹೇಳಿದ್ದಳು.

*

ಗುಜರಿಗೆ ಹೋಗಬೇಕಿದ್ದ ವ್ಯಾನನ್ನು ಮನೆಗೆ ತಂದ ವರ್ಷ ಅವರಿಬ್ಬರಿಗೂ ಹುಚ್ಚು ಹಿಡಿದಂತಿತ್ತು. ಅವರು ಕಾರುಗಳಿಗೆ ಬಣ್ಣ ಸಿಂಪಡಿಸುವ ವರ್ಕ್‌ಶಾಪಿನಲ್ಲಿದ್ದರು, ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ. ರಜೆ ಸಿಕ್ಕಾಗಲೆಲ್ಲ ಅವರು ತುಕ್ಕು ಕೆರೆದು ಕೆನೆ ಬಣ್ಣ ಹೊಡೆದರು, ಅವಳು ಒಳಗಿನ ಕಿಟಕಿಗೆ ಗಾಢ ನೀಲಿ ಪರದೆ ಹೊಲಿದಳು. ಹೊರಗೆ ಫಳಫಳ ಹೊಳೆಯುತ್ತಿದ್ದ ಗಾಡಿಯ ಹೊಟ್ಟೆಯಲ್ಲಿ ಹಳೆಯ ಟ್ಯಾಂಕು ಹೇಗಿದೆಯೆಂದು ಇಬ್ಬರೂ ನೋಡಲಿಲ್ಲ. ಮೊದಲ ಪ್ರವಾಸದಲ್ಲೇ ಪುಟ್ಟ ಮಗಳು ಆ ನಲ್ಲಿಯ ನೀರು ಕುಡಿದು, ವಾಂತಿ ಭೇದಿಯಾಗಿ, ಊರು ಕೇರಿ ಗೊತ್ತಿಲ್ಲದ ಕಡೆ ಆಸ್ಪತ್ರೆ ಸೇರಿದಳು. ಮಗು ಬದುಕಿತು. ಆದರೆ ಆಮೇಲೆ ಆ ನಲ್ಲಿಯ ಒಂದು ಹನಿಯನ್ನೂ ಬಾಯಿಗೆ ಹಾಕಲಿಲ್ಲ, ದೊಡ್ಡವಳಾದ ಮೇಲೂ.

ಅಂದಿನಿಂದ ಪೇಂಟರಿಗೆ ಟ್ಯಾಂಕು ತೊಳೆಯುವುದು ಒಂದು ವ್ರತವೇ ಆಯಿತು. ಹಳೆ ನೀರೆಲ್ಲ ಬಿಟ್ಟು, ಕ್ರಿಮಿ ಸಾಯಲೆಂದು ಬಕೆಟಿನಲ್ಲಿ ಬ್ಲೀಚ್ ಬೆರೆಸಿ ಸುರಿದು, ಮೇಲೆ ಶುದ್ಧ ನೀರು ತುಂಬಿ, ಪಂಪು ಓಡಿಸಿ ಒಳಗಿನ ನಲ್ಲಿಗಳನ್ನು ತಿರುಗಿಸಬೇಕು. ಬ್ಲೀಚಿನ ವಾಸನೆ ನಲ್ಲಿಯವರೆಗೆ ಬಂದರೆ ಪೈಪೆಲ್ಲ ತುಂಬಿತೆಂದು ಅರ್ಥ. ಮಾರನೆಯ ದಿನ ಎಲ್ಲ ಖಾಲಿ ಮಾಡಿ, ವಾಸನೆ ಹೋಗುವ ತನಕ ಮತ್ತೆ ಮತ್ತೆ ತೊಳೆಯಬೇಕು. ತೊಂದರೆ ಏನೆಂದರೆ, ಬಣ್ಣದ ಘಾಟಿನಲ್ಲೇ ವಯಸ್ಸು ಕಳೆದ ಪೇಂಟರಿಗೆ ಮೂಗು ಮುಖದ ಅಲಂಕಾರಕ್ಕಷ್ಟೇ ಉಳಿದಿತ್ತು. ಹಾಗಾಗಿ ಅವರು ಹೊರಗೆ ಪೈಪು ಹಿಡಿದು ನಿಲ್ಲುವುದು, ಅವಳು ಒಳಗೆ ನಲ್ಲಿಯ ಬಳಿ ನಿಲ್ಲುವುದು.

"ಬಂತಾ?"

"ಬಂತು ರೀ."

ಮರುದಿನ, "ಹೋಯ್ತಾ?"

"ಹೋಯ್ತು."

"ನಿನ್ನ ಮೂಗಿಲ್ಲದೆ ಈ ಗಾಡಿ ಗೇಟು ದಾಟಲ್ಲ ನೋಡು. ನಿನಗೆ ಮೂಗು ಹೋದ ದಿನ ಇದನ್ನ ಮಾರಿಬಿಡ್ತೀನಿ," ಎನ್ನುತ್ತಿದ್ದರು ಅವರು. ಅವಳು ನಗುತ್ತಿದ್ದಳು. ಈಚಿನ ವರ್ಷಗಳಲ್ಲಿ ನಲ್ಲಿಯ ಪಕ್ಕದ ಪರದೆಯ ತುದಿ ಬೆಳ್ಳಗಾಗಿದ್ದನ್ನು ತೋರಿಸಿ, "ಬಣ್ಣ ನಾನೇ ಆರಿಸಬೇಕಿತ್ತು, ಹೇಗೆ ಮಾಸಿದೆ ನೋಡು," ಎಂದು ರೇಗಿಸಿದ್ದರು. "ಬಿಸಿಲು ರೀ," ಎಂದಿದ್ದಳು ಅವಳು.

*

ಪೇಂಟರು ಮನೆಯೊಳಗೆ ಬಂದಾಗ ಮುಂದಿನ ಕೋಣೆಯಲ್ಲಿ ಲಾಂಡ್ರಿಯ ಗೆಳತಿ ಬಂದು ಕೂತಿದ್ದಳು. ಹೆಂಡತಿಯ ಜೊತೆ ಒಂದೇ ಮೆಷಿನ್ನಿನ ಎರಡು ಕಡೆ ನಿಂತು ಅವಳ ಕೂದಲೂ ಹಣ್ಣಾಗಿತ್ತು. ಅಳುತ್ತಲೇ ಶವದ ಮೇಲಿನ ಹೊದಿಕೆಯ ಮೂಲೆಯನ್ನು ಎಳೆದು ಮಡಿಸಿದಳು.

"ಯಾರು ಹೊದಿಸಿದ್ದು ಇದನ್ನ, ಹೀಗೆ ವಕ್ರವಾಗಿ? ಅವಳು ನೋಡಿದ್ರೆ ಎದ್ದು ಬಂದು ಸರಿ ಮಾಡೋಳು."

ಇಬ್ಬರು ಮೂವರು ಅಳುತ್ತಲೇ ನಕ್ಕರು. ಪೇಂಟರು ಅವಳ ಪಕ್ಕದ ಕುರ್ಚಿಯಲ್ಲಿ ಕುಸಿದರು.

"ಟ್ಯಾಂಕಿನಲ್ಲಿ ನಿನ್ನೆಯ ಬ್ಲೀಚ್ ಹಾಗೇ ಇದೆ. ಖಾಲಿ ಮಾಡಿದ್ರೂ ವಾಸನೆ ಹೋಯ್ತು ಅಂತ ಹೇಳೋರು ಯಾರು? ನನಗಂತೂ ಮೂಗಿಲ್ಲ. ಅವಳ ಮೂಗೇ ನನ್ನ ಮೂಗು."

"ಅವಳ ಮೂಗಾ?" ಎಂದಳು ಗೆಳತಿ. ಅಷ್ಟು ಹೇಳಿ ನಾಲಿಗೆ ಕಚ್ಚಿಕೊಂಡಳು.

"ಯಾಕಮ್ಮ?"

"ಏನಿಲ್ಲಣ್ಣ."

"ಹೇಳು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನು ಮುಚ್ಚಿಟ್ಟು ಏನು ಮಾಡ್ಲಿ. ಆ ದೊಡ್ಡ ಜ್ವರ ಬಂತಲ್ಲ, ಅವತ್ತೇ ಅವಳ ಮೂಗು ಹೋಯ್ತು. ಮಂಡಿನೋವು ಅಂತ ನಿಮ್ಮ ಹತ್ರ ಹೇಳಿ ಕೆಲಸ ಬಿಟ್ಟಳು ನೋಡಿ, ಮಂಡಿ ಅಲ್ಲ ಅದು. ಬ್ಲೀಚ್ ಎಷ್ಟು ಬಿತ್ತು ಅಂತ ಗೊತ್ತಾಗದೆ ಬಣ್ಣದ ಬಟ್ಟೆ ಬೆಳ್ಳಗೆ ಸುಡೋದು, ಬೈಸಿಕೊಳ್ಳೋದು."

"ಇಲ್ಲ. ನಿನ್ನೆ ಕೂಡ ಹೇಳಿದ್ಳು, ಬಂತು ಅಂತ."

"ಬಾಯಿಗೆ ಹಾಕಿ ನೋಡ್ತಿದ್ಳು ಅಣ್ಣ. ನಾಲಿಗೆ ಚುರುಕ್ ಅಂದ್ರೆ ಬಂತು ಅನ್ನೋದು, ಉಗುಳೋದು. ಮಾರನೇ ದಿನ ಒಂದು ಲೋಟ ಕುಡಿದು, ಏನೂ ಉರಿ ಇಲ್ಲ ಅಂದ್ರೆ ಹೋಯ್ತು ಅನ್ನೋದು. ನಾನು ಬೈದೆ. 'ನನಗೂ ಮೂಗಿಲ್ಲ ಅಂದ್ರೆ ಆ ಮನುಷ್ಯ ಗಾಡಿ ಮಾರಿಬಿಡ್ತಾರೆ ಕಣೆ. ಆಮೇಲೆ ಮನೇಲಿ ಕೂತು ಏನು ಮಾಡ್ತಾರೆ' ಅಂದಳು."

ನಿನ್ನೆ "ಬಂತು ರೀ" ಎಂದ ಮೇಲೆ ಅವಳು ಕೆಮ್ಮಿದ್ದಳು. ತುಂಬಾ ಹೊತ್ತು ಕೆಮ್ಮಿದ್ದಳು. ಹೊರಗಿನಿಂದ, ಪೈಪು ಸುತ್ತುತ್ತ, ತಿರುಗಿಯೂ ನೋಡದೆ ಅವರು ಕೇಳಿದ್ದರು, "ಏನೇ ಅದು?" ಎಂದು. "ಘಾಟು ರೀ," ಎಂದಿದ್ದಳು.

ಪೇಂಟರು ಎದ್ದು, ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದ ತಮ್ಮ ಬೀದಿಯ ಡಾಕ್ಟರ ರಟ್ಟೆ ಹಿಡಿದು ಮೂಲೆಗೆ ಎಳೆದುಕೊಂಡು ಹೋದರು. ಎಲ್ಲವನ್ನೂ ಒದರಿದರು.

"ನಾನೇ ಸಾಯಿಸಿದೆನಾ ಡಾಕ್ಟ್ರೇ? ನಿಜ ಹೇಳಿ."

"ಅಷ್ಟು ದೊಡ್ಡ ಟ್ಯಾಂಕಿಗೆ ಹಾಕೋ ಬ್ಲೀಚು, ಅದರಲ್ಲಿ ಒಂದು ಗುಟುಕು ಬಾಯಿಗೆ ಹೋದ್ರೆ ಯಾರೂ ಸಾಯಲ್ಲ. ಹೃದಯ ನಿಂತಿದ್ದು. ಅವರ ಹೃದಯದ ವಿಷಯ ನಾನು ನಿಮ್ಮಿಬ್ಬರಿಗೂ ಹೇಳ್ತಾನೇ ಬಂದಿದ್ದೀನಿ."

"ಕೆಮ್ಮಿದ್ಳು."

"ಕೆಮ್ಮಿರಬಹುದು. ಅದಕ್ಕಲ್ಲ ಸತ್ತಿದ್ದು."

ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಕೊಲ್ಲಲಿಲ್ಲವೆಂದು ಗೊತ್ತಾಯಿತು, ಆದರೆ ಇಷ್ಟು ವರ್ಷ ಕುಡಿಸಿದ್ದು ಯಾರು? ಶವ ಎತ್ತುವಾಗ, ಗಾಡಿಯಲ್ಲಿ, ಸ್ಮಶಾನದಲ್ಲಿ ಎಲ್ಲರೂ ತಲೆ ತಗ್ಗಿಸಿ ನಿಂತಾಗ, ಅವರ ಕಿವಿಯಲ್ಲಿ ಆ ಕೆಮ್ಮು ಮಾತ್ರ ಕೇಳುತ್ತಿತ್ತು. ಹಿಂದೆ ಯಾರಾದರೂ ಗಂಟಲು ಸರಿಮಾಡಿಕೊಂಡರೂ ತಿರುಗಿ ನೋಡುತ್ತಿದ್ದರು. ದುಃಖಕ್ಕೆ ಮುದುಕನ ತಲೆ ಕೆಟ್ಟಿದೆ ಎಂದುಕೊಂಡರು ಜನ.

*

ಬಂದವರೆಲ್ಲ ಹೊರಟಾಗ ಇನ್ನೂ ಬೆಳಕಿತ್ತು. ಪೇಂಟರು ಅಂಗಿ ಕಳಚಿ, ಬನಿಯನ್ನಿನಲ್ಲೇ ಮತ್ತೆ ವ್ಯಾನಿನ ಕೆಳಗೆ ತೂರಿದರು. ಈ ಸಲ ಬಿರಡೆ ಸುಲಭವಾಗಿ ತಿರುಗಿತು. ಅವಳು ಕಡೆಯದಾಗಿ ಬಾಯಿಗೆ ಹಾಕಿಕೊಂಡ ನೀರು ಗಳಗಳನೆ ಸುರಿದು ಚರಂಡಿಯ ಕಡೆಗೆ ಹರಿಯಿತು. ಪೂರ್ತಿ ಖಾಲಿಯಾಗುವ ತನಕ ಅವರು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ನೋಡಿದರು.

ಬಿರಡೆ ಬಿಗಿದು, ಪೈಪು ಸಿಕ್ಕಿಸಿ ಮತ್ತೆ ತುಂಬಿಸುತ್ತಿದ್ದಾಗ ಮಗಳು ಬಂದಳು. ಬೈಯುತ್ತಾಳೆಂದುಕೊಂಡರು. ಅವಳು ಬೈಯಲಿಲ್ಲ. ಅತ್ತು ಅತ್ತು ಅವಳ ಮುಖ ಊದಿತ್ತು.

"ನಾನೇನು ಮಾಡ್ಲಿ, ಹೇಳಿ ಅಪ್ಪ."

ಮೂಗಿದ್ದವಳು ಬಂದಳಲ್ಲ ಎನಿಸಿ ಅವರಿಗೆ ಅಳು ಬಂದಂತಾಯಿತು. "ಒಳಗೆ ಹೋಗು. ಪಂಪಿನ ಸ್ವಿಚ್ ಹಾಕಿ ನಲ್ಲಿ ತಿರುಗಿಸು. ಬ್ಲೀಚಿನ ವಾಸನೆ ಹೋಯ್ತಾ ಇಲ್ವಾ ಅಂತ ಹೇಳು, ಅಷ್ಟೇ. ಅಮ್ಮ ಅಲ್ಲೇ ನಿಲ್ತಿದ್ಳು."

ಮಗಳು ಒಳಗೆ ಹೋದಳು. ವ್ಯಾನು ಅವಳ ಭಾರಕ್ಕೆ ಕಿರ್ರೆಂದಿತು. ಪಂಪು ಗುಂಯ್‌ಗುಟ್ಟಿತು. ನಲ್ಲಿ ಮೊದಲು ಗಾಳಿ ಉಗುಳಿ ಆಮೇಲೆ ಸುರಿಯತೊಡಗಿತು. ಪೇಂಟರು ಅಭ್ಯಾಸಬಲದಿಂದ ಬೆನ್ನು ತಿರುಗಿಸಿ ಪೈಪು ಸುತ್ತುತ್ತ ಕೂಗಿದರು:

"ಹೋಯ್ತಾ?"

ಉತ್ತರವಿಲ್ಲ. ನೀರು ನಿಂತ ಸದ್ದಾಯಿತು. ಲೋಟವೊಂದು ಸಿಂಕಿಗೆ ತಾಗಿ ಟಣ್ ಎಂದಿತು. ಆಮೇಲೆ ಕಿಟಕಿಯಿಂದ ಕೆಮ್ಮು ಕೇಳಿಬಂತು.

ಅವರ ಕೈಯಿಂದ ಪೈಪು ಜಾರಿತು. ಇಷ್ಟು ವರ್ಷ ತಿರುಗದ ಕತ್ತು ಈಗ ತಿರುಗಿತು.

ಕಿಟಕಿಯಲ್ಲಿ ಮಗಳು ನಿಂತಿದ್ದಳು. ಕೈಯಲ್ಲಿ ಅವಳಮ್ಮನ ಸ್ಟೀಲ್ ಲೋಟ. ಬಾಯಿ ಒದ್ದೆಯಾಗಿತ್ತು.

"ಏನೇ ಮಾಡಿದೆ ನೀನು? ಆ ನೀರು ಯಾಕೆ ಕುಡಿದೆ?"

"ಅತ್ತು ಅತ್ತು ಮೂಗು ಕಟ್ಟಿಹೋಗಿದೆ ಅಪ್ಪ, ಏನೂ ಗೊತ್ತಾಗ್ತಿಲ್ಲ. ಅದಕ್ಕೇ ಒಂದು ಗುಟುಕು ಬಾಯಿಗೆ ಹಾಕಿ ನೋಡ್ದೆ." ಅವಳು ಮತ್ತೆ ಕೆಮ್ಮಿದಳು. "ಇನ್ನೂ ಚುರುಗುಟ್ಟುತ್ತೆ. ಇನ್ನೊಂದು ಸಲ ತೊಳೀರಿ."

ಹಾಗೆನ್ನುತ್ತ ಅವಳು ಸುತ್ತ ನೋಡಿದಳು. ಕೈಗೆ ಬೇರೇನೂ ಸಿಗದೆ, ನಲ್ಲಿಯ ಪಕ್ಕದಲ್ಲಿದ್ದ ನೀಲಿ ಪರದೆಯ ತುದಿಯನ್ನು ಎಳೆದುಕೊಂಡು ಬಾಯಿ ಒರೆಸಿಕೊಂಡಳು. ಬಟ್ಟೆ ಅಲ್ಲಿ ಆಗಲೇ ಒಂದು ಮುಷ್ಟಿಯಷ್ಟು ಬೆಳ್ಳಗಾಗಿತ್ತು, ಸರಿಯಾಗಿ ಅದೇ ಜಾಗದಲ್ಲಿ.